ಉಳಿದ ದಿನಗಳ ಕಾಯಕ

(ಆಸ್ಪತ್ರೆಯ ರೋಗಿಗಳು ಹಾಗೂ ಅವರ ಬಂಧುಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



‘ಕಾಯಿಲೆ ಗುಣವಾಗುವ ಹಂತ ದಾಟಿದೆ’ ಎಂದು ವೈದ್ಯರು ಹೇಳಿದ ದಿನದಿಂದ ಗಂಡ ಹೆಂಡತಿಯ ನಡುವೆ ಒಂದು ಮೌನ ಶುರುವಾಗುತ್ತದೆ. ಹೆಂಡತಿಗೆ ತಿಳಿಯಬಾರದೆಂದು ಗಂಡ ವಾರ್ಡಿನ ಹೊರಗೆ ಬಂದು ಕಣ್ಣೊರೆಸಿಕೊಳ್ಳುತ್ತಾನೆ. ಆಕೆಗೆ ಎಷ್ಟೋ ಸಲ ಎಲ್ಲವೂ ತಿಳಿದಿರುತ್ತದೆ. ಯಜಮಾನರು ಕುಗ್ಗಿಹೋದಾರು ಎಂದು ಆಕೆಯೂ ಏನೂ ಅರಿಯದವಳಂತೆ ಇರುತ್ತಾಳೆ. ಪ್ರೀತಿಯಿಂದಲೇ ಹುಟ್ಟಿದ ಈ ಮೌನ, ಜೊತೆಯಾಗಿ ಕಳೆಯಬಹುದಾದ ದಿನಗಳನ್ನು ಕಸಿದುಕೊಳ್ಳುತ್ತದೆ. ಈ ಮೌನವನ್ನು ಮುರಿದ ಒಂದು ದಂಪತಿಯ ವಿಷಯವನ್ನು ಇಂದು ತಮ್ಮ ಮುಂದೆ ಇಡುತ್ತೇನೆ.

ಇಂಗ್ಲೆಂಡಿನ ಲೀಡ್ಸ್ ನಗರದ ಜೇನ್ ಟಾಮ್ಲಿನ್ಸನ್ ಮತ್ತು ಅವರ ಪತಿ ಮೈಕ್. ಜೇನ್ ಅವರಿಗೆ 1990ರಲ್ಲಿ ಸ್ತನ ಕ್ಯಾನ್ಸರ್ ಕಾಣಿಸಿಕೊಂಡಿತು. ಆಗ ಅವರ ವಯಸ್ಸು 26. ಚಿಕಿತ್ಸೆ ಆಯಿತು, ಸಂಸಾರ ಸಾಗಿತು. ಮಕ್ಕಳ ವಿಭಾಗದಲ್ಲಿ ಎಕ್ಸ್-ರೇ ತೆಗೆಯುವ ರೇಡಿಯೋಗ್ರಾಫರ್ ಆಗಿ ಅವರು ದುಡಿದರು. 2000ನೇ ಇಸವಿಯಲ್ಲಿ ಕಾಯಿಲೆ ದೇಹದ ಬೇರೆ ಭಾಗಗಳಿಗೂ ಹರಡಿದೆ, ಇನ್ನು ಗುಣವಾಗದು ಎಂದು ತಿಳಿಯಿತು. ಆರು ತಿಂಗಳ ಆಯುಷ್ಯವೆಂಬ ಅಂದಾಜು. ಮನೆಯಲ್ಲಿ ಮೂವರು ಮಕ್ಕಳು, ಕಿರಿಯವನು ಇನ್ನೂ ಪುಟ್ಟ ಮಗು.

ಆ ತಾಯಿ ಏನು ಮಾಡಿದರು? ಓಡಲು ಕಲಿತರು. 2001ರಲ್ಲಿ ಕ್ಯಾನ್ಸರ್ ಸಂಶೋಧನೆಯ ಸಹಾಯಾರ್ಥ ನಡೆದ 5 ಕಿ.ಮೀ. ಓಟದಲ್ಲಿ ಭಾಗವಹಿಸಿದರು. 2002ರಲ್ಲಿ ಲಂಡನ್ ಮ್ಯಾರಥಾನ್, ಅಂದರೆ 42 ಕಿಲೋಮೀಟರಿಗೂ ಹೆಚ್ಚಿನ ದೂರ ಓಡಿದರು. ಮುಂದಿನ ವರ್ಷ ಬ್ರಿಟನ್ನಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಸೈಕಲ್ ತುಳಿದರು. 2006ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ನ್ಯೂಯಾರ್ಕ್‌ವರೆಗೆ, ಸುಮಾರು 6,700 ಕಿ.ಮೀ. ಸೈಕಲ್ಲಿನಲ್ಲೇ ಸಾಗಿದರು. ನೋವು ಇತ್ತು, ಕೀಮೋಥೆರಪಿಯೂ ಬೇಕಾಗುತ್ತಿತ್ತು. ಪ್ರತಿ ಓಟಕ್ಕೂ ಜನ ಕಾಣಿಕೆ ನೀಡಿದರು. 2007ರ ಸೆಪ್ಟೆಂಬರ್ 3ರಂದು, ತಮ್ಮ 43ನೇ ವಯಸ್ಸಿನಲ್ಲಿ, ಜೇನ್ ಲೀಡ್ಸಿನ ಒಂದು ಹಾಸ್ಪೈಸಿನಲ್ಲಿ ಕೊನೆಯುಸಿರೆಳೆದರು. ಅಷ್ಟರಲ್ಲಿ ಸಂಗ್ರಹವಾಗಿದ್ದ ಹಣ 18.5 ಲಕ್ಷ ಪೌಂಡ್. ಅಂದಿನ ಲೆಕ್ಕದಲ್ಲಿ ಸುಮಾರು 15 ಕೋಟಿ ರೂಪಾಯಿ. ಅದು ಮಕ್ಕಳ ಮತ್ತು ಕ್ಯಾನ್ಸರ್ ರೋಗಿಗಳ ಸೇವಾ ಸಂಸ್ಥೆಗಳಿಗೆ ಸಂದಿತು.

ಮೈಕ್ ಅವರ ಪಾತ್ರ ಚಿಕ್ಕದಲ್ಲ. ಸಾಯುವ ಕಾಯಿಲೆ ಮನೆಯೊಳಗೆ ಬಂದಾಗ ಏನೇನಾಗುತ್ತದೆ ಎಂಬುದನ್ನು ಗಂಡ ಹೆಂಡತಿ ಇಬ್ಬರೂ ಸೇರಿ 2005ರಲ್ಲಿ ಪುಸ್ತಕವಾಗಿ ಬರೆದರು. ತಮ್ಮ ಮಾತುಗಳನ್ನು ಮುಚ್ಚಿಡಲಿಲ್ಲ. ಜೇನ್ ಇದ್ದಾಗಲೇ, 2007ರಲ್ಲಿ, ಲೀಡ್ಸ್‌ನಲ್ಲಿ ಜನಸಾಮಾನ್ಯರಿಗಾಗಿ 10 ಕಿ.ಮೀ. ಓಟ ಆರಂಭವಾಯಿತು. ಪತ್ನಿ ಹೋದ ಮೇಲೆ ಮೈಕ್ ಆ ಕೆಲಸವನ್ನು ಮುಂದುವರಿಸಿಕೊಂಡು ಬಂದರು.

ಬಂಧುಗಳೇ, ಇದು ನಮಗೆ ಹೊಸ ವಿಚಾರವಲ್ಲ. ಮೈಮುರಿದು ಮಾಡುವ ಕೆಲಸ ಕಾಯಕ, ಅದರ ಫಲವನ್ನು ಸಮಾಜಕ್ಕೆ ಸಲ್ಲಿಸುವುದು ದಾಸೋಹ ಎಂದು ಬಸವಾದಿ ಶರಣರು ಹನ್ನೆರಡನೇ ಶತಮಾನದಲ್ಲೇ ಬದುಕಿ ತೋರಿಸಿದರು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ತಮಗೆಲ್ಲ ತಿಳಿದದ್ದೇ. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮನೆ ಅದು. ಒಂದು ದಿನ ಮಾರಯ್ಯನವರು ಹೆಚ್ಚು ಅಕ್ಕಿ ತಂದಾಗ, ಬೇಕಾದಷ್ಟೇ ಸಾಕು, ಉಳಿದದ್ದನ್ನು ಅಲ್ಲೇ ಸುರಿದು ಬನ್ನಿ ಎಂದು ಲಕ್ಕಮ್ಮನವರು ಕಳುಹಿಸಿದರು. ದಾಸೋಹಕ್ಕೆ ಸಿರಿತನ ಬೇಕಿಲ್ಲ, ಗಂಡ ಹೆಂಡತಿಯ ಮನಸ್ಸು ಒಂದಾಗಿರಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ದಾನ ಮಾಡಿದರೆ ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಯಾರೂ ತಿಳಿಯಬಾರದು. ಜೇನ್ ಅಷ್ಟೆಲ್ಲ ಮಾಡಿಯೂ ಉಳಿಯಲಿಲ್ಲ. ಆರು ತಿಂಗಳ ಅಂದಾಜು ಮೀರಿ ಏಳು ವರ್ಷ ಬದುಕಿದರು ನಿಜ. ಎಲ್ಲರಿಗೂ ಹಾಗೇ ಆಗುತ್ತದೆಂದು ಹೇಳಲಾಗದು. ಆದ್ದರಿಂದ ಹರಕೆಗೆಂದು ಇದ್ದ ಒಂದೆಕರೆ ಮಾರಬೇಡಿ, ಬಡ್ಡಿಗೆ ಸಾಲ ತಂದು ದಾನ ಮಾಡಬೇಡಿ, ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬೇಡಿ. ಮಕ್ಕಳ ಬಾಯಿಯ ತುತ್ತನ್ನು ಕಸಿದು ಮಾಡಿದ್ದು ದಾಸೋಹವಾಗದು. ವೈದ್ಯರನ್ನು ಕೇಳದೆ ಓಡಲೂ ಹೋಗಬೇಡಿ. ಕೆಲವರಿಗೆ ಹಾಸಿಗೆಯಿಂದ ಬಾಗಿಲವರೆಗೆ ನಡೆಯುವುದೇ ಮ್ಯಾರಥಾನ್.

ಹಾಗಾದರೆ ಕೈಯಲ್ಲಿ ಕಾಸಿಲ್ಲದ ನಾವು ಏನು ಕೊಡಬಲ್ಲೆವು ಎಂದು ಕೇಳುತ್ತೀರಿ. ಬೇಕಾದಷ್ಟಿದೆ. ಕೀಮೋಥೆರಪಿಯಿಂದ ರಕ್ತಕಣಗಳು ಕಡಿಮೆಯಾದ ರೋಗಿಗಳಿಗೆ ರಕ್ತ, ಪ್ಲೇಟ್‌ಲೆಟ್ ಬೇಕಾಗುತ್ತವೆ. 18ರಿಂದ 65 ವರ್ಷದೊಳಗಿನ, 45 ಕೆ.ಜಿ.ಗಿಂತ ಹೆಚ್ಚು ತೂಕವಿರುವ ಆರೋಗ್ಯವಂತರು ಪರೀಕ್ಷೆಯ ನಂತರ ರಕ್ತ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಟ್ಟರೆ ತೊಂದರೆಯಿಲ್ಲ. ರೋಗಿಯೂ ದಾನಿಯಾಗಬಹುದು. ರಕ್ತದ ಕ್ಯಾನ್ಸರ್, ಕಣ್ಣಿನ ಕ್ಯಾನ್ಸರಿನಂಥ ಕೆಲವನ್ನು ಬಿಟ್ಟರೆ, ಕ್ಯಾನ್ಸರಿನಿಂದ ತೀರಿಕೊಂಡವರ ಕಣ್ಣುಗಳನ್ನೂ ಸಾಮಾನ್ಯವಾಗಿ ಸ್ವೀಕರಿಸುತ್ತಾರೆ. ಸ್ವೀಕರಿಸಬಹುದೇ ಎಂಬುದನ್ನು ನೇತ್ರ ಬ್ಯಾಂಕಿನ ವೈದ್ಯರು ನಿರ್ಧರಿಸುತ್ತಾರೆ. ಮರಣದ ಆರು ಗಂಟೆಯೊಳಗೆ ಕಣ್ಣುಗಳನ್ನು ಪಡೆಯಬೇಕಾಗುವುದರಿಂದ ಅವರಿಗೆ ಕೂಡಲೇ ತಿಳಿಸಬೇಕು. 2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣುಗಳು ದಾನವಾದದ್ದು ನಾಡಿಗೇ ಗೊತ್ತು. ಇವೆಲ್ಲಕ್ಕಿಂತ ಸುಲಭವಾದ ದಾಸೋಹ ಇನ್ನೊಂದಿದೆ. ನಿನ್ನೆ ತಾನೆ ದಾಖಲಾಗಿ ಚೀಟಿ ಹಿಡಿದು ದಿಕ್ಕು ತೋಚದೆ ನಿಂತ ಮನೆಯವರಿಗೆ ರಕ್ತ ಪರೀಕ್ಷೆ ಎಲ್ಲಿ, ಊಟ ಎಲ್ಲಿ ಎಂದು ತೋರಿಸಿಕೊಡಿ.

ನೋವಿನ ಬಗ್ಗೆಯೂ ಒಂದು ಮಾತು. ನೋವನ್ನು ಹಲ್ಲುಕಚ್ಚಿ ಸಹಿಸುವುದು ತಪಸ್ಸಲ್ಲ. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಮಾತ್ರೆ ಉತ್ತಮ ಔಷಧ. ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಚಟವಾಗುತ್ತದೆಂಬ ಭಯ ಬೇಡ. ಅದರಿಂದ ಮಲಬದ್ಧತೆಯಾಗುವುದುಂಟು, ಅದಕ್ಕೂ ಔಷಧವಿದೆ. ಇದು ರೋಗಿಗಳಿಗೆ ಸುಲಭವಾಗಿ ಸಿಗಲೆಂದು 2014ರಲ್ಲಿ ಕಾನೂನಿಗೇ ತಿದ್ದುಪಡಿ ತಂದಿದ್ದಾರೆ. ಬೆಂಗಳೂರಿನ ಕರುಣಾಶ್ರಯದಲ್ಲಿ ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳಿಗೆ ಹಣ ಪಡೆಯದೆ ಆರೈಕೆ ಮಾಡುತ್ತಾರೆ. ಅಂಥಲ್ಲಿಗೆ ಕರೆದೊಯ್ದರೆ ಕೈಬಿಟ್ಟಂತೆ ಎಂದು ಭಾವಿಸಬೇಡಿ. ರೋಗ ಗೆಲ್ಲಲಾಗದಾಗಲೂ ನೋವನ್ನು ಗೆಲ್ಲುವ ಪ್ರಯತ್ನ ಅಲ್ಲಿ ನಡೆಯುತ್ತದೆ.

ಕೊನೆಯದಾಗಿ ದಂಪತಿಗಳಲ್ಲಿ ನನ್ನ ವಿನಂತಿ. ಇಂದು ರಾತ್ರಿ ಊಟವಾದ ಮೇಲೆ ಹಾಸಿಗೆಯ ಪಕ್ಕದಲ್ಲಿ ಕುಳಿತು, ‘ನಿನ್ನ ಮನಸ್ಸಿನಲ್ಲಿ ಏನಿದೆ?’ ಎಂದು ಒಬ್ಬರನ್ನೊಬ್ಬರು ಕೇಳಿ. ಮಗಳ ಮದುವೆ, ಸೊಸೈಟಿಯ ಸಾಲ, ಯಾರ ಮೇಲೋ ಉಳಿದ ಮುನಿಸು, ಕೊಡಬೇಕೆಂದಿರುವ ಕಾಣಿಕೆ, ಏನಿದ್ದರೂ ಬಾಯಿಬಿಟ್ಟು ಆಡಿ. ಕೇಳಲು ಇಷ್ಟವಿಲ್ಲದವರನ್ನು ಒತ್ತಾಯಿಸಬೇಡಿ, ಕೇಳಿದವರಿಗೆ ಸುಳ್ಳು ಹೇಳಬೇಡಿ. ಅಳು ಬಂದರೆ ಇಬ್ಬರೂ ಅತ್ತುಬಿಡಿ. ದಿನಗಳ ಎಣಿಕೆ ನಮ್ಮ ಕೈಯಲ್ಲಿಲ್ಲ. ಅವುಗಳಲ್ಲಿ ಏನು ತುಂಬಬೇಕೆಂಬುದು ಒಂದಷ್ಟಾದರೂ ನಮ್ಮ ಕೈಯಲ್ಲಿದೆ.