ನಿರ್ಲಕ್ಷಿತ ಮಗು ಮತ್ತು ಸರ್ಕಾರದ ಹೊಣೆ

ಮಕ್ಕಳನ್ನು ಕಾಪಾಡಬೇಕಾದವರು ಯಾರು ಎಂದು ಕೇಳಿದರೆ, ತಾಯಿತಂದೆಯರು ಎಂದು ನಾವೆಲ್ಲರೂ ಥಟ್ಟನೆ ಹೇಳುತ್ತೇವೆ. ಅವರು ಇಲ್ಲದಿದ್ದರೆ? ಇದ್ದೂ ಇಲ್ಲದಂತಿದ್ದರೆ? ಮನೆಯೇ ಮಗುವಿಗೆ ಭಯದ ಸ್ಥಾನವಾಗಿದ್ದರೆ? ಆಗ ಸರ್ಕಾರ ನೋಡಿಕೊಳ್ಳಲಿ ಎನ್ನುತ್ತೇವೆ, ಹಾಗೆಂದು ನೆಮ್ಮದಿಯಾಗಿರುತ್ತೇವೆ. ಈ ಸರ್ಕಾರವೆಂಬ ಪಾಲಕನಿಂದ ಏನಾದೀತು, ಏನಾಗದು ಎಂಬ ಬಗೆಗೆ ನಾಲ್ಕು ಮಾತು ಹೇಳುವುದು ಇಂದಿನ ನನ್ನ ಉದ್ದೇಶ. ದೂರದ ದೇಶದ ಒಂದು ಹಳೆಯ ಪ್ರಸಂಗದಿಂದ ಆರಂಭಿಸುತ್ತೇನೆ.

1874ರ ನ್ಯೂಯಾರ್ಕ್ ನಗರ. ಬಡವರ ಕೇರಿಗಳಲ್ಲಿ ಸೇವೆ ಮಾಡುತ್ತಿದ್ದ ಎಟ್ಟಾ ವೀಲರ್ ಎಂಬ ಮಹಿಳೆಗೆ, ಅಲ್ಲಿನ ಒಂದು ಮನೆಯಲ್ಲಿ ಹುಡುಗಿಯೊಬ್ಬಳನ್ನು ಕೂಡಿಹಾಕಿ ಹೊಡೆಯುತ್ತಾರೆಂಬ ಸುದ್ದಿ ಬಂತು. ಮೇರಿ ಎಲೆನ್ ಎಂದು ಅವಳ ಹೆಸರು. ವಯಸ್ಸು ಹತ್ತರ ಆಸುಪಾಸು. ವೀಲರ್ ಸಹಾಯಕ್ಕಾಗಿ ಹಲವರಲ್ಲಿ ಅಲೆದರು. ಯಾರೂ ಮುಂದೆ ಬರಲಿಲ್ಲ. ಕೊನೆಗೆ ಅವರು ಹೋದದ್ದು ಪ್ರಾಣಿದಯಾ ಸಂಘವನ್ನು ಸ್ಥಾಪಿಸಿದ್ದ ಹೆನ್ರಿ ಬರ್ಗ್ ಬಳಿಗೆ. ಮಗುವೂ ಒಂದು ಪ್ರಾಣಿಯೆಂದು ವಾದಿಸಿ ಅವಳನ್ನು ಬಿಡಿಸಿದರೆಂಬ ಕತೆ ಲೋಕಪ್ರಸಿದ್ಧವಾಗಿದೆ, ಅದು ನಿಜವಲ್ಲ. ಬರ್ಗ್ ಅವರ ವಕೀಲ ಎಲ್ಬ್ರಿಡ್ಜ್ ಗೆರ್ರಿ ಬಳಸಿದ್ದು ಅಕ್ರಮ ಬಂಧನದಿಂದ ಮನುಷ್ಯರನ್ನು ಬಿಡಿಸುವ ಹೇಬಿಯಸ್ ಕಾರ್ಪಸ್ ಕಾನೂನನ್ನೇ. ಮುಖದ ಮೇಲೆ ಕತ್ತರಿಯ ಗಾಯವನ್ನು ಹೊತ್ತು ಆ ಮಗು ನ್ಯಾಯಾಲಯದಲ್ಲಿ ನಿಂತಿತು. ಸಾಕಿದಾಕೆಗೆ ಒಂದು ವರ್ಷದ ಸೆರೆಯಾಯಿತು. ಮರುವರ್ಷವೇ ಮಕ್ಕಳ ಮೇಲಿನ ಕ್ರೌರ್ಯವನ್ನು ತಡೆಯುವ ಸಂಘವೊಂದು ಆ ನಗರದಲ್ಲಿ ಹುಟ್ಟಿಕೊಂಡಿತು.

ಈ ಪ್ರಸಂಗದಲ್ಲಿ ನನ್ನನ್ನು ಕಾಡುವ ಅಂಶ ಬೇರೆಯೇ ಇದೆ. ಆ ಮಗುವನ್ನು ಆ ಮನೆಗೆ ಕೊಟ್ಟವರು ಯಾರು? ನಗರದ ಧರ್ಮಾರ್ಥ ಇಲಾಖೆಯವರೇ. 1866ರಲ್ಲಿ ಕರಾರುಪತ್ರ ಬರೆಸಿಕೊಂಡು ಕೊಟ್ಟಿದ್ದರು. ಮಗುವಿನ ಯೋಗಕ್ಷೇಮವನ್ನು ವರ್ಷಕ್ಕೊಮ್ಮೆ ತಿಳಿಸಬೇಕೆಂಬ ಷರತ್ತೂ ಅದರಲ್ಲಿತ್ತು. ಎಂಟು ವರ್ಷಗಳಲ್ಲಿ ತಾನು ವರದಿ ಮಾಡಿದ್ದು ಒಂದೆರಡು ಸಲ ಮಾತ್ರವೆಂದು ಆ ಹೆಂಗಸು ನ್ಯಾಯಾಲಯದಲ್ಲಿ ಒಪ್ಪಿಕೊಂಡಳು. ಏಕೆ ಹೇಳಲಿಲ್ಲವೆಂದು ಕೇಳಿದವರಿರಲಿಲ್ಲ. ಇಲಾಖೆ ಮಗುವನ್ನು ಕೊಟ್ಟಿತು, ಕಾಗದವನ್ನು ಕಟ್ಟಿಟ್ಟಿತು, ಮರೆಯಿತು.

ನಿರ್ಲಕ್ಷ್ಯವೆಂದರೆ ಲಕ್ಷ್ಯವಿಲ್ಲದಿರುವುದು. ಹೊಡೆಯುವವರು ಒಬ್ಬರು, ಲಕ್ಷ್ಯವಿಡದವರು ಹಲವರು. ಆ ಹಲವರಲ್ಲಿ ಸರ್ಕಾರವೂ ಸೇರಬಹುದೆಂಬುದೇ ಮೇರಿ ಎಲೆನ್ ಕಲಿಸುವ ಪಾಠ.

ಇನ್ನು ನಮ್ಮ ದೇಶದ ಮಾತು. ಮಕ್ಕಳಿಗಾಗಿಯೇ ಪ್ರತ್ಯೇಕ ಕಾಯಿದೆ ಮದರಾಸಿನಲ್ಲಿ 1920ರಲ್ಲಿ, ಬಂಗಾಳದಲ್ಲಿ 1922ರಲ್ಲಿ, ಮುಂಬಯಿಯಲ್ಲಿ 1924ರಲ್ಲಿ ಬಂದಿತು. ಪ್ರಾಂತ ಪ್ರಾಂತಕ್ಕೂ ಬೇರೆಯಾಗಿದ್ದ ಈ ವ್ಯವಸ್ಥೆಗೆ 1986ರ ಬಾಲನ್ಯಾಯ ಕಾಯಿದೆ ಏಕರೂಪವನ್ನು ತರಲೆತ್ನಿಸಿತು. ಅದರಲ್ಲಿ 'ನಿರ್ಲಕ್ಷಿತ ಬಾಲಕ' ಎಂಬ ಮಾತಿಗೆ ಕೊಟ್ಟ ಅರ್ಥವನ್ನು ನೋಡಿ: ಭಿಕ್ಷೆ ಬೇಡುವ ಮಗು, ಮನೆಮಠವಿಲ್ಲದೆ ಜೀವನೋಪಾಯವಿಲ್ಲದೆ ನಿರ್ಗತಿಕವಾದ ಮಗು, ಇಂಥವರೂ ಅದರಲ್ಲಿ ಸೇರಿದ್ದರು. ಇಲ್ಲಿ ಒಂದು ಗಂಡಾಂತರವಿದೆ. ಬಡತನಕ್ಕೂ ನಿರ್ಲಕ್ಷ್ಯಕ್ಕೂ ಇರುವ ಗೆರೆ ಬಹಳ ತೆಳುವಾದದ್ದು. ಮಗುವನ್ನು ನೆರೆಯವರಿಗೆ ಒಪ್ಪಿಸಿ ಬೆಳಗಿನಿಂದ ಸಂಜೆಯವರೆಗೆ ಕಲ್ಲು ಹೊರುವ ತಾಯಿ ಮಗುವನ್ನು ನಿರ್ಲಕ್ಷಿಸಿದಳೆನ್ನೋಣವೆ? ಅವಳಿಂದ ಮಗುವನ್ನು ಕಿತ್ತು ಬಾಲಮಂದಿರಕ್ಕೆ ಸೇರಿಸಿದರೆ ಅದು ರಕ್ಷಣೆಯೆ, ಶಿಕ್ಷೆಯೆ?

2000ದ ಕಾಯಿದೆ ಆ ಹಳೆಯ ಮಾತನ್ನು ಕೈಬಿಟ್ಟು 'ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು' ಎಂದಿತು. ಇದು ಬರಿಯ ಶಬ್ದದ ಬದಲಾವಣೆಯಲ್ಲ, ದೃಷ್ಟಿಯ ಬದಲಾವಣೆ. 2015ರ ಕಾಯಿದೆ ಇನ್ನೂ ಮುಂದೆ ಹೋಗಿ, ಮಗುವಿನ ಮೊದಲ ಹೊಣೆ ಕುಟುಂಬದ್ದು, ಸಂಸ್ಥೆಗೆ ಸೇರಿಸುವುದು ಬೇರೆ ದಾರಿಯೆಲ್ಲ ಮುಚ್ಚಿದ ಮೇಲಿನ ಕೊನೆಯ ಉಪಾಯ ಎಂದು ಸ್ಪಷ್ಟಪಡಿಸಿತು. ಬಡ ಕುಟುಂಬದಲ್ಲೇ ಮಗು ಉಳಿಯುವಂತೆ ಧನಸಹಾಯ ನೀಡುವ ಏರ್ಪಾಟೂ ಅದರಲ್ಲಿದೆ. 2022ರ ಕೇಂದ್ರ ಮಾರ್ಗಸೂಚಿಯು ಈ ಸಹಾಯವನ್ನು ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ ಎಂದು ಗೊತ್ತುಮಾಡಿತು. ಮಗುವನ್ನು ಮನೆಯಿಂದ ಎತ್ತುವುದಕ್ಕಿಂತ ಮನೆಯನ್ನೇ ಎತ್ತಿ ನಿಲ್ಲಿಸುವುದು ಮೇಲು ಎಂಬ ವಿವೇಕ ಇದರ ಹಿಂದಿದೆ.

ಮನೆ ನಿಲ್ಲದೆಹೋದಾಗ ಏನು ಮಾಡಬೇಕೆಂಬುದನ್ನೂ ಅದು ಹೇಳುತ್ತದೆ. ಸಿಕ್ಕಿದ ಮಗುವನ್ನು ಪ್ರಯಾಣದ ಅವಧಿಯನ್ನು ಬಿಟ್ಟು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಬಾಲಮಂದಿರಗಳನ್ನು ಪರಿಶೀಲನಾ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ನೋಡಿ ಬರಬೇಕು. ಹದಿನೆಂಟು ತುಂಬಿ ಹೊರಬಂದವರ ಕೈಬಿಡದೆ ಇಪ್ಪತ್ತೊಂದರವರೆಗೆ ಆಸರೆ ನೀಡಬಹುದು. ಇವುಗಳನ್ನು ಒಣ ನಿಯಮಗಳೆಂದು ತಳ್ಳಿಹಾಕಬಾರದು. ನ್ಯೂಯಾರ್ಕಿನ ಇಲಾಖೆಗೆ ಇಲ್ಲದೆಹೋದ ನೆನಪಿನ ಶಕ್ತಿಯನ್ನು ಸರ್ಕಾರಕ್ಕೆ ತಂದುಕೊಡುವ ಪ್ರಯತ್ನಗಳಿವು. ಆದರೆ ಮೂರು ತಿಂಗಳಿಗೊಮ್ಮೆ ಬಂದವರು ಕಚೇರಿಯ ರಿಜಿಸ್ಟರಿಗೆ ರುಜು ಹಾಕಿ ಹೋದರೋ, ಮಗುವಿನ ಪಕ್ಕದಲ್ಲಿ ಕುಳಿತು ಮಾತಾಡಿಸಿದರೋ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಸರ್ಕಾರ ಪ್ರೀತಿಸಲಾರದು. ಮೇರಿ ಎಲೆನ್‌ಳನ್ನು ನ್ಯಾಯಾಲಯ ಮೊದಲು ಒಂದು ಸಂಸ್ಥೆಗೆ ಕಳುಹಿಸಿತು. ಅದು ತಕ್ಕ ಸ್ಥಳವಲ್ಲವೆಂದು ವೀಲರ್ ಬೇಡಿಕೊಂಡ ಮೇಲೆ ಅವಳು ಅವರ ತಾಯಿಯ ಮನೆಯಲ್ಲಿ, ಅನಂತರ ಅವರ ತಂಗಿಯ ಮನೆಯಲ್ಲಿ ಬೆಳೆದಳು. ಮುಂದೆ ಮದುವೆಯಾಗಿ ಮಕ್ಕಳನ್ನು ಹೆತ್ತು, ಮಗಳೊಬ್ಬಳಿಗೆ ಎಟ್ಟಾ ಎಂದೇ ಹೆಸರಿಟ್ಟು, ತುಂಬು ಬಾಳು ಬಾಳಿ 1956ರಲ್ಲಿ ತೀರಿಕೊಂಡಳು. ಬಾಗಿಲು ತೆರೆದದ್ದು ಕಾನೂನು. ಮಡಿಲಿಗೆ ತೆಗೆದುಕೊಂಡದ್ದು ಮನುಷ್ಯರು.

ಕೊನೆಯದಾಗಿ ನನ್ನದೇ ಒಂದು ತಪ್ಪೊಪ್ಪಿಗೆ. ಒಮ್ಮೆ ರೈಲು ನಿಲ್ದಾಣದ ಬೆಂಚಿನ ಕೆಳಗೆ ಎಂಟೊಂಬತ್ತು ವರ್ಷದ ಹುಡುಗನೊಬ್ಬ ಮಲಗಿದ್ದ. ಎಬ್ಬಿಸಿ, ಯಾವ ಊರಪ್ಪಾ ಎಂದು ಕೇಳಿದೆ. ಅವನು ಉತ್ತರ ಕೊಡಲಿಲ್ಲ. ಕೈಗೆ ಒಂದು ನಾಣ್ಯವಿತ್ತು ಗಾಡಿ ಹತ್ತಿದೆ. 1996ರಲ್ಲಿ ಮುಂಬಯಿಯಲ್ಲಿ ಆರಂಭವಾದ 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆ ನನಗೆ ತಿಳಿದಿತ್ತು. ಇಂಥ ಮಗುವಿನ ಸುದ್ದಿಯನ್ನು ತಿಳಿಸುವುದು ಕಂಡವರ ಕರ್ತವ್ಯವೆಂದು ಕಾಯಿದೆ ಹೇಳುವುದೂ ತಿಳಿದಿತ್ತು. ಆದರೂ ಗಾಡಿ ತಪ್ಪೀತೆಂಬ ಅವಸರವೇ ದೊಡ್ಡದಾಯಿತು. ಆ ದಿನ ಅವನನ್ನು ನಿರ್ಲಕ್ಷಿಸಿದ್ದು ಸರ್ಕಾರವಲ್ಲ, ನಾನು.

ಸರ್ಕಾರಕ್ಕೆ ಸ್ವಂತ ಕಣ್ಣುಗಳಿಲ್ಲ. ಅದು ನೋಡಬೇಕಾದದ್ದು ನಮ್ಮ ಕಣ್ಣುಗಳಿಂದಲೇ. ನಾವು ನೋಡಿ ತಿಳಿಸೋಣ. ತಿಳಿಸಿದ ಮೇಲೆ, ಆ ಮಗು ಏನಾಯಿತೆಂದು ಬಿಡದೆ ಕೇಳೋಣ.