ಪರದೆ ಕಪ್ಪಾದರೆ ಲೆಕ್ಕ ಹೋಗಿಲ್ಲ

ಹೋದ ಗುರುವಾರ ರಾತ್ರಿ ಮನಾಮದ ನಮ್ಮ ರೂಮಿನ ಲಿನಕ್ಸ್ ಕಂಪ್ಯೂಟರಿಗೆ ಅಪ್‌ಡೇಟ್ ಹಾಕಿದೆವು. ಮತ್ತೆ ಆನ್ ಮಾಡಿದರೆ ಪರದೆ ಪೂರ್ತಿ ಕಪ್ಪು! ಮರುದಿನ ಮಂಗಳೂರಿಗೆ ಹೊರಡುವವರ ಸೆಟಲ್‌ಮೆಂಟ್ ಲೆಕ್ಕ ಅದರೊಳಗೇ ಇತ್ತು. "ಫಾರ್ಮ್ಯಾಟ್ ಮಾಡಿಬಿಡುವಾ" ಅಂದರು ಒಬ್ಬರು. ಸದ್ಯ, ಮಾಡಲಿಲ್ಲ.

ಆದದ್ದಿಷ್ಟೇ: ಹೊಸ ಕರ್ನಲ್ ಬಂದಿತ್ತು, ಅದರ ಹೆಡರ್ಸ್ ಬಂದಿರಲಿಲ್ಲ. ಹೆಡರ್ಸ್ ಇಲ್ಲದೆ ಗ್ರಾಫಿಕ್ಸ್ ಡ್ರೈವರ್ ಹೊಸ ಕರ್ನಲ್‌ಗೆ ಕಟ್ಟಿಕೊಳ್ಳುವುದಿಲ್ಲ. ಹಾರ್ಡ್ ಡಿಸ್ಕಿನ ಫೈಲಿಗೆ ಏನೂ ಆಗಿರಲಿಲ್ಲ.

ಆನ್ ಆಗುವಾಗ ಎಸ್ಕೇಪ್ ಒತ್ತಿದೆವು (ಹಳೆಯ ಯಂತ್ರವಾದರೆ ಶಿಫ್ಟ್). ಗ್ರಬ್ ಮೆನು ಬಂತು. 'ಅಡ್ವಾನ್ಸ್ಡ್ ಆಪ್ಷನ್ಸ್'ನಲ್ಲಿ ಹಿಂದಿನ ಕರ್ನಲ್ ಆರಿಸಿದೆವು, ಡೆಸ್ಕ್‌ಟಾಪ್ ತೆರೆಯಿತು. ಮೊದಲು ಲೆಕ್ಕ ಪೆನ್‌ಡ್ರೈವಿಗೆ. ಹೆಡರ್ಸ್, ಡ್ರೈವರ್ ಮತ್ತೆ ಹಾಕಿದ್ದು ಆಮೇಲೆ. ಬೆಳಗಾಗುವ ಮೊದಲೇ ಪ್ರಿಂಟ್ ಅವರ ಕೈಯಲ್ಲಿತ್ತು.