ಉಪ್ಪಿನ ಋಣ ಮತ್ತು ಸ್ನೇಹ



ಗೆಳೆಯ ತಪ್ಪು ದಾರಿ ಹಿಡಿದಾಗ ಏನು ಮಾಡಬೇಕು? ಜತೆಗೇ ನಡೆಯಬೇಕೆ, ತಡೆಯಬೇಕೆ, ಬಿಟ್ಟುಬಿಡಬೇಕೆ? ಸ್ನೇಹದ ಬೆಲೆ ಗೊತ್ತಾಗುವುದು ಈ ಪ್ರಶ್ನೆ ಎದುರಾದಾಗಲೇ.

ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್‌ನ ‘ನಿಕೊಮೆಕಿಯನ್ ಎಥಿಕ್ಸ್’ ಗ್ರಂಥದ 10 ಭಾಗಗಳಲ್ಲಿ ಎರಡು ಸ್ನೇಹಕ್ಕೇ ಮೀಸಲು. ಅವನ ಪ್ರಕಾರ ಸ್ನೇಹ ಮೂರು ಬಗೆ: ಲಾಭಕ್ಕಾಗಿ ಕೂಡಿದ್ದು, ಸಂತೋಷಕ್ಕಾಗಿ ಕೂಡಿದ್ದು, ಪರಸ್ಪರರ ಒಳ್ಳೆಯತನ ಮೆಚ್ಚಿ ಕೂಡಿದ್ದು. ಲಾಭ ನಿಂತರೆ ಮೊದಲನೆಯದು ಮುಗಿಯಿತು. ಅಭಿರುಚಿ ಬದಲಾದರೆ ಎರಡನೆಯದು. ಮೂರನೆಯದು ಅಪರೂಪ, ಆದರೆ ಬಾಳುವಂಥದು. ಅದು ಬೆಳೆಯಲು ಕಾಲ ಬೇಕು. ಜತೆಯಲ್ಲಿ ಉಪ್ಪು ತಿನ್ನದೆ ಒಬ್ಬರನ್ನೊಬ್ಬರು ಅರಿಯಲಾಗದು ಎಂಬ ಗಾದೆಯನ್ನು ಅವನು ನೆನೆಯುತ್ತಾನೆ.

ಉಪ್ಪಿನ ಮಾತು ಕನ್ನಡಿಗರಿಗೂ ಹೊಸದಲ್ಲ. ಆದರೆ ಇಲ್ಲಿ ಉಪ್ಪು ಎಂದರೆ ಋಣ. ಸ್ನೇಹಕ್ಕೂ ಋಣಕ್ಕೂ ಇರುವ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದಕ್ಕೆ ಕರ್ಣನೇ ಸಾಕ್ಷಿ.

ಸೂತಪುತ್ರನೆಂದು ಹಳಿಸಿಕೊಂಡ ದಿನವೇ ಕರ್ಣನಿಗೆ ಅಂಗರಾಜ್ಯ ಕೊಟ್ಟವನು ದುರ್ಯೋಧನ. ಪಂಪ ತನ್ನ ‘ವಿಕ್ರಮಾರ್ಜುನ ವಿಜಯ’ದಲ್ಲಿ (ಕ್ರಿ.ಶ. 941) ಈ ನಂಟನ್ನು ಎತ್ತಿ ಹಿಡಿದಿದ್ದಾನೆ. ಪಗಡೆಯಾಟದ ಭರದಲ್ಲಿ ಭಾನುಮತಿಯ ಹಾರ ಹರಿದು ಮುತ್ತು ಚೆಲ್ಲಿದಾಗ, ದುರ್ಯೋಧನ ಎಳ್ಳಷ್ಟೂ ಸಂಶಯಪಡದೆ ಆಯ್ದುಕೊಡಲೇ ಎಂದನಂತೆ. ಮುಂದೆ ಕೃಷ್ಣ ಪಾಂಡವರ ಪಕ್ಷಕ್ಕೆ ಕರೆದಾಗ ಕರ್ಣನನ್ನು ಕಟ್ಟಿಹಾಕಿದ್ದು ಇಂಥ ನಂಬಿಕೆಯೇ.

ಇದು ಹಿರಿಮೆ, ಸಂದೇಹವಿಲ್ಲ. ಆದರೆ ವ್ಯಾಸಭಾರತದ ದ್ಯೂತಸಭೆಗೆ ದ್ರೌಪದಿಯನ್ನು ಎಳೆತಂದಾಗ ಇದೇ ಕರ್ಣ ಗೆಳೆಯನನ್ನು ತಡೆಯಲಿಲ್ಲ. ಇದು ಅನ್ಯಾಯವೆಂದ ವಿಕರ್ಣನನ್ನೇ, ಅಂದರೆ ದುರ್ಯೋಧನನ ತಮ್ಮನನ್ನೇ, ಗದರಿದ.

ಅರಿಸ್ಟಾಟಲ್ ಈ ಸಂದರ್ಭಕ್ಕೂ ಉತ್ತರ ಕೊಟ್ಟಿದ್ದಾನೆ. ಗೆಳೆಯ ಕೆಟ್ಟನೆಂದು ತಕ್ಷಣ ತೊರೆಯಬೇಕಿಲ್ಲ. ತಿದ್ದಲು ಸಾಧ್ಯವಿದ್ದರೆ ತಿದ್ದಬೇಕು. ಆಸ್ತಿ ಕಳೆದುಕೊಂಡವನಿಗೆ ನೆರವಾಗುವುದಕ್ಕಿಂತ ನಡತೆ ಕಳೆದುಕೊಂಡವನಿಗೆ ನೆರವಾಗುವುದು ಸ್ನೇಹಕ್ಕೆ ಹೆಚ್ಚು ತಕ್ಕದ್ದು. ತಿದ್ದಲಾರದಷ್ಟು ಕೆಟ್ಟಿದ್ದರೆ ಮಾತ್ರ, ಬಿಟ್ಟುಹೋದವನನ್ನು ದೂರುವಂತಿಲ್ಲ.

ಋಣಿಗೆ ಈ ಸ್ವಾತಂತ್ರ್ಯವಿಲ್ಲ. ಅವನು ಪ್ರಾಣ ಕೊಡಬಲ್ಲ, ‘ಬೇಡ’ ಎನ್ನಲಾರ. ವಿದುರನ ಮಾತನ್ನೂ ಭೀಷ್ಮನ ಮಾತನ್ನೂ ತಳ್ಳಿಹಾಕಿದ ದುರ್ಯೋಧನ ಯಾರ ಮಾತಿಗಾದರೂ ಕಿವಿಗೊಡುವುದಿದ್ದರೆ ಅದು ಕರ್ಣನ ಮಾತಿಗೆ. ಆ ಮಾತು ಬರಲೇ ಇಲ್ಲ. ಕುರುಕ್ಷೇತ್ರದಲ್ಲಿ ಕರ್ಣ ತೆತ್ತ ಪ್ರಾಣದಿಂದಲೂ ಆ ಕೊರತೆ ತುಂಬಲಿಲ್ಲ.

ಕಷ್ಟಕಾಲದಲ್ಲಿ ಕೈಹಿಡಿದವನನ್ನು ಮರೆಯಬಾರದು ಎಂದು ಹಿರಿಯರು ಹೇಳುತ್ತಾರೆ. ‘ನೀನು ಮಾಡುತ್ತಿರುವುದು ತಪ್ಪು’ ಎಂದು ಮುಖಕ್ಕೇ ಹೇಳಿದ ಗೆಳೆಯನನ್ನೂ ಅದೇ ಸಾಲಿನಲ್ಲಿ ಕೂರಿಸಬೇಕು. ಅವನ ಮೇಲೆ ಮುನಿಸಿಕೊಳ್ಳುವುದು ಸುಲಭ. ಇನ್ನೊಬ್ಬನನ್ನು ಸಂಪಾದಿಸುವುದು ಸುಲಭವಲ್ಲ.